ಹನ್ನೊಂದೂವರೆ ಗೇಣಿನ ಬೈಕು

ಜನವರಿ 9

ಟ್ರೇಲರ್ ಕಾರ್ಖಾನೆಯವರಿಗೆ,

ಮಾನ್ಯರೇ,

ನಾನು ಹಳೆಯ ಬೈಕುಗಳನ್ನು ರಿಪೇರಿ ಮಾಡುವವನು. ಮೂವತ್ತಾರು ವರ್ಷಗಳಿಂದ ಇದೇ ಕಸುಬು. ನನ್ನ ಸ್ವಂತದ ಮೂರು ಬೈಕುಗಳನ್ನು ಸಾಗಿಸಲು ನಾಲ್ಕೂ ಕಡೆಯಿಂದ ಮುಚ್ಚಿದ ಟ್ರೇಲರ್ ಒಂದು ಬೇಕಾಗಿದೆ. ಜೂನ್ ಮೊದಲ ವಾರದಲ್ಲಿ ಹಳೆ ಬೈಕಿನವರ ಕೂಟವಿದೆ. ಅಷ್ಟರೊಳಗೆ ಕೈಸೇರಬೇಕು.

ತೆರೆದ ಟ್ರೇಲರಿನ ಚಿತ್ರಗಳನ್ನು ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಅದರಲ್ಲಿ ಧೂಳು ಬೀಳುತ್ತದೆ. ದಾರಿಯಲ್ಲಿ ಕಂಡವರೆಲ್ಲ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ನನಗೆ ಮುಚ್ಚಿದ್ದೇ ಆಗಬೇಕು.

ನಿಮ್ಮಲ್ಲಿ ಅಳತೆ ನೋಡಿ ನಕ್ಷೆ ಹಾಕುವ ಹೆಣ್ಣುಮಗಳೊಬ್ಬಳಿದ್ದಾಳೆ. ಈ ಕೆಲಸವನ್ನು ಅವಳಿಗೇ ಕೊಡಿ. ಅವಳು ನನ್ನ ಮಗಳು, ನಾಲ್ಕು ವರ್ಷಗಳಿಂದ ನಮಗೆ ಮಾತುಕತೆ ಇಲ್ಲ ಎಂಬುದನ್ನು ಈ ಆರ್ಡರಿಗೆ ಸಂಬಂಧಿಸಿದ ವಿಷಯವೆಂದು ದಯವಿಟ್ಟು ಎಣಿಸಬಾರದು. ಅವಳ ಅಳತೆ ತಪ್ಪುವುದಿಲ್ಲ, ಅಷ್ಟೇ.

ಇತಿ,
ಹಳೆ ಬೈಕಿನ ಮೆಕ್ಯಾನಿಕ್

—

ಜನವರಿ 17

ಮಾನ್ಯ ಗ್ರಾಹಕರೇ,

ನಿಮ್ಮ ಪತ್ರ ತಲುಪಿತು. ನಮ್ಮ ಮೇಸ್ತ್ರಿ ಅದನ್ನು ಎರಡು ಸಲ ಓದಿ ನನ್ನ ಮೇಜಿನ ಮೇಲಿಟ್ಟು ಹೋದರು. ನೀವು ಕೋರಿದಂತೆ, ಸಂಬಂಧಿಸದ ವಿಷಯವನ್ನು ನಾನು ಎಣಿಸಿಲ್ಲ.

ಮುಚ್ಚಿದ ಟ್ರೇಲರಿನ ಬಗ್ಗೆ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಮಳೆ, ಧೂಳು, ಕಳ್ಳರಿಂದ ಬೈಕನ್ನು ಕಾಪಾಡುತ್ತದೆ, ನಿಜ. ಆದರೆ ತೆರೆದದ್ದಕ್ಕಿಂತ ದುಪ್ಪಟ್ಟು ತೂಗುತ್ತದೆ. ಗಾಳಿಯನ್ನು ಎದೆಗೊಟ್ಟು ತಡೆಯುವುದರಿಂದ ಎಳೆಯುವ ಗಾಡಿಗೆ ಏದುಸಿರು ಬರುತ್ತದೆ. ಒಳಗೆ ಪೆಟ್ರೋಲಿನ ಆವಿ ಕಟ್ಟಿಕೊಳ್ಳುತ್ತದೆ, ಹಾಗಾಗಿ ಕೆಳಗೊಂದು ಮೇಲೊಂದು ಗಾಳಿಕಿಂಡಿ ಇರಲೇಬೇಕು. ಹತ್ತಿರದ ಓಡಾಟಕ್ಕಾದರೆ ಬಹಳ ಜನರಿಗೆ ತೆರೆದದ್ದೇ ಸಾಕಾಗುತ್ತದೆ.

"ಬೈಕನ್ನ ಗಾಡಿ ಮೇಲೆ ಹೊತ್ತು ತರೋನು, ಚಪ್ಪಲಿ ತಲೆ ಮೇಲಿಟ್ಕೊಂಡು ನಡೆಯೋನು" ಎಂದು ಪ್ರತಿ ವರ್ಷ ಆ ಕೂಟದಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಮೆಕ್ಯಾನಿಕ್ ಒಬ್ಬರು ನನಗೆ ಗೊತ್ತು. ಅವರು ಮೂರು ಬೈಕಿದ್ದರೆ ಮೂರು ಸಲ ಹೋಗಿಬರುತ್ತಿದ್ದರೇ ಹೊರತು ಟ್ರೇಲರನ್ನು ಮುಟ್ಟುತ್ತಿರಲಿಲ್ಲ. ನಿಮಗೆ ಅವರ ಪರಿಚಯವಿದ್ದರೆ, ಅವರ ಮನಸ್ಸು ಯಾಕೆ ಬದಲಾಯಿತೆಂದು ಕೇಳಿ ತಿಳಿಸಿ. ಅದು ನಕ್ಷೆಗೆ ಬೇಕಿಲ್ಲ, ಸುಮ್ಮನೆ ಕೇಳಿದೆ.

ನಕ್ಷೆಗೆ ಬೇಕಾದದ್ದು ಇಷ್ಟು: ಮೂರು ಬೈಕುಗಳ ಉದ್ದ, ಹ್ಯಾಂಡಲಿನ ಅಗಲ, ಎತ್ತರ. ಎಳೆಯುವ ವಾಹನ ಯಾವುದು. ಹಿಂಬಾಗಿಲು ಕೆಳಗೆ ಮಲಗಿ ಇಳಿಜಾರಾಗಬೇಕೋ, ಬೇರೆ ಹಲಗೆ ಸಾಕೋ. ಹತ್ತಿಸುವವರು ಎಷ್ಟು ಜನ.

ಇತಿ,
ಅಳತೆ ವಿಭಾಗ

—

ಫೆಬ್ರವರಿ 2

ಟ್ರೇಲರ್ ಕಾರ್ಖಾನೆಯವರಿಗೆ,

ಕೇಳಿದ ಮೆಕ್ಯಾನಿಕ್ಕಿನ ಪರಿಚಯ ನನಗಿಲ್ಲ.

ಅಳತೆಗಳು ಕೆಳಗಿವೆ. ಕರಿಯ ಎಂಬ ಬೈಕಿನ ಉದ್ದ ಹನ್ನೊಂದೂವರೆ ಗೇಣು. ಕೆಂಪಿ ಹತ್ತು. ಬೂದ ಒಂಬತ್ತೂವರೆ. ಹ್ಯಾಂಡಲಿನ ಅಗಲ, ಎತ್ತರಗಳನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ, ಅವೂ ಗೇಣಿನಲ್ಲೇ. ನನ್ನ ಗೇಣು ಎಷ್ಟು ಇಂಚೆಂದು ನಿಮ್ಮ ಅಳತೆ ವಿಭಾಗಕ್ಕೆ ಚೆನ್ನಾಗಿ ಗೊತ್ತು. ಟೇಪು ಇರುವುದು ಕೈಯ ಮೇಲೆ ನಂಬಿಕೆಯಿಲ್ಲದವರಿಗೆ.

ಎಳೆಯುವುದು ನಮ್ಮ ಹಳೆಯ ಪಿಕಪ್ಪೇ. ಓಡಿಸುವವಳು ನನ್ನ ಅಕ್ಕ.

ಹಿಂಬಾಗಿಲೇ ಇಳಿಜಾರಾಗಲಿ, ಆದಷ್ಟು ಉದ್ದವಾಗಿ, ಸಪಾಟಾಗಿ. ಬೈಕನ್ನು ಒಳಕ್ಕೆ ಎಳೆದುಕೊಳ್ಳಲು ಮುಂದಿನ ಗೋಡೆಗೆ ಒಂದು ಹಗ್ಗದ ರಾಟೆ ಕೂರಿಸಿ, ಹಿಡಿ ಬಲಗೈಗೆ ಸಿಗುವಂತಿರಲಿ. ಬಾಗಿಲಿನ ಚಿಲಕವೂ ಬಲಗೈಗೇ ಇರಲಿ. ಬೈಕು ಕಟ್ಟುವ ಪಟ್ಟಿಗಳು ಒಂದೇ ಕೈಯಲ್ಲಿ ಬಿಗಿಯುವಂಥವು ಸಿಗುತ್ತವೆಂದು ಕೇಳಿದ್ದೇನೆ. ಅವನ್ನೇ ಕೊಡಿ. ಹೊರಗಿನಿಂದ ಏನೂ ಕಾಣಬಾರದು, ಕಿಟಕಿ ಬೇಡ.

ಹತ್ತಿಸುವವನು ಒಬ್ಬನೇ.

ಇತಿ,
ಮೆಕ್ಯಾನಿಕ್

—

ಫೆಬ್ರವರಿ 11

ಮಾನ್ಯ ಗ್ರಾಹಕರೇ,

ನಿಮ್ಮ ಗೇಣು, ಅಂದರೆ ಹರಡಿದ ಎಡಗೈಯ ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ, ಒಂಬತ್ತೂವರೆ ಇಂಚು. ಎಡಗೈ ಅಳೆಯುತ್ತದೆ, ಬಲಗೈ ಸೀಮೆಸುಣ್ಣದಿಂದ ಗುರುತು ಹಾಕುತ್ತದೆ. ನನಗೆ ಮರೆತಿಲ್ಲ. ಅದೇ ಲೆಕ್ಕದಲ್ಲಿ ಇಂಚಿಗೆ ತಿರುಗಿಸಿದ್ದೇನೆ.

ತಿರುಗಿಸಿದರೆ ಕರಿಯ ಒಂಬತ್ತು ಅಡಿ ಒಂದು ಇಂಚು ಬರುತ್ತಾನೆ. ಮೇಸ್ತ್ರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, "ಇದು ಬೈಕಾ, ಇಬ್ಬರು ಮಲಗೋ ಮಂಚಾನಾ?" ಅಂದರು. ಇಡೀ ಕಾರ್ಖಾನೆ ನಕ್ಕಿತು. ನನಗೆ ಸಿಟ್ಟು ಬಂತು, ಯಾಕೆಂದರೆ ನಿಮ್ಮ ಅಳತೆಗೆ ಯಾರಾದರೂ ನಗುವುದನ್ನು ನಾನು ಅದೇ ಮೊದಲು ನೋಡಿದ್ದು.

ಈ ಅಳತೆಗೆ ಕಟ್ಟಿದರೆ ಹದಿನಾಲ್ಕು ಅಡಿಯ, ಜೋಡಿ ಅಚ್ಚಿನ, ಅಂದರೆ ನಾಲ್ಕು ಚಕ್ರದ ಟ್ರೇಲರ್ ಬೇಕಾಗುತ್ತದೆ. ನಿಮ್ಮ ಪಿಕಪ್ಪಿಗೆ ಅದು ಮೂಗಿಗಿಂತ ಮೂಗುತಿ ಭಾರ. ನಿಮ್ಮ ಗ್ಯಾರೇಜಿನ ಮುಂದಿನ ತಿರುವಿನಲ್ಲಿ ಅದು ತಿರುಗುವುದೂ ಇಲ್ಲ, ಬೇಕರಿಯ ಗೋಡೆ ಕೆರೆದುಕೊಂಡು ಅಲ್ಲೇ ನಿಲ್ಲುತ್ತದೆ. ಇನ್ನೊಂದು ಮಾತು, ತೂಕ ಅಚ್ಚಿನಿಂದ ಮುಂದಕ್ಕಿರಬೇಕು. ನೂರು ಕಿಲೋಗೆ ಹತ್ತು-ಹದಿನೈದು ಕಿಲೋ ಪಿಕಪ್ಪಿನ ಕೊಕ್ಕೆಯ ಮೇಲೆ ಕೂರಬೇಕು. ಬಾಲ ಭಾರವಾದರೆ ಟ್ರೇಲರ್ ರಸ್ತೆಯಲ್ಲಿ ಅತ್ತಿತ್ತ ಹೊಯ್ದಾಡಿ ಎಳೆಯುವ ಗಾಡಿಯನ್ನೇ ಉರುಳಿಸುತ್ತದೆ. ಓಡಿಸುವವರು ಅತ್ತೆ ಅಂತ ಬೇರೆ ಬರೆದಿದ್ದೀರಿ. ಹಾಗಾಗಿ ಬೈಕಿನ ಉದ್ದ ನನಗೆ ಅಂದಾಜಿನಲ್ಲಿ ಬೇಡ, ಸರಿಯಾಗಿ ಬೇಕು.

ಕರಿಯ ಎಂದರೆ ಹಳೆಯ ಕರಿಯನೇ ತಾನೆ? ಹೊಸದೇನಾದರೂ ಕೊಂಡಿದ್ದೀರಾ? ದಯವಿಟ್ಟು ಇನ್ನೊಮ್ಮೆ ಅಳೆದು ತಿಳಿಸಿ.

ಇತಿ,
ಅಳತೆ ವಿಭಾಗ

—

ಫೆಬ್ರವರಿ 20

ಟ್ರೇಲರ್ ಕಾರ್ಖಾನೆಯವರಿಗೆ,

ಇನ್ನೊಮ್ಮೆ ಅಳೆದೆ. ಹನ್ನೊಂದೂವರೆಯೇ ಬಂತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುವವನಲ್ಲ, ಎಣಿಸಿ ಹೇಳುತ್ತಿದ್ದೇನೆ.

ಕರಿಯ ಅದೇ ಕರಿಯ. ನಿಮ್ಮ ಅಳತೆ ವಿಭಾಗದವಳು ಮೂರು ವರ್ಷದವಳಿದ್ದಾಗ ಅವನ ಟ್ಯಾಂಕಿನ ಮೇಲೆ ಕವುಚಿಕೊಂಡು ನಿದ್ದೆ ಹೋಗುತ್ತಿದ್ದಳು. ಎಬ್ಬಿಸಿದರೆ ಅಳುತ್ತಾಳೆಂದು ನಾನು ಅವಳ ಬೆನ್ನು ಹಿಡಿದುಕೊಂಡು ಊಟದ ಹೊತ್ತಿನವರೆಗೆ ನಿಂತಿರುತ್ತಿದ್ದೆ. ಇದು ನಕ್ಷೆಗೆ ಬೇಕಿಲ್ಲ.

ನಗುವ ಮೇಸ್ತ್ರಿಗೆ ನಗಲು ಹೇಳಿ. ನನಗೆ ಟ್ರೇಲರ್ ಬೇಕು.

ಇತಿ,
ಮೆಕ್ಯಾನಿಕ್

—

ಮಾರ್ಚ್ 1

ಅತ್ತೆ,

ಹೇಗಿದ್ದೀಯ? ಅಪ್ಪ ನಮ್ಮ ಕಾರ್ಖಾನೆಗೆ ಟ್ರೇಲರಿಗೆ ಬರೆದಿರುವುದು ನಿನಗೆ ಗೊತ್ತಿರುತ್ತದೆ, ನೀನೇ ಅಂಚೆಗೆ ಹಾಕಿರುತ್ತೀಯ. ಈ ಕಾಗದವನ್ನು ಅವನಿಗೆ ತೋರಿಸಬೇಡ.

ಅವನು ಕಳಿಸಿದ ಅಳತೆಯನ್ನು ಹತ್ತು ದಿನ ಗೋಡೆಗೆ ಅಂಟಿಸಿಕೊಂಡು ನೋಡಿದೆ. ಕರಿಯ ಒಂಬತ್ತು ಗೇಣು ಎಂಬುದು ನನಗೆ ನನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತು. ಚಿಕ್ಕವಳಿದ್ದಾಗ ಅವನ ಕೈಯ ಹಿಂದೆ ನನ್ನ ಕೈಯಿಟ್ಟು ತೆವಳುತ್ತ ಎಣಿಸುತ್ತಿದ್ದೆನಲ್ಲ. ಕರಿಯ ಒಂಬತ್ತು, ಕೆಂಪಿ ಎಂಟು, ಬೂದ ಏಳೂವರೆ. ಈಗ ಹನ್ನೊಂದೂವರೆ, ಹತ್ತು, ಒಂಬತ್ತೂವರೆ ಅನ್ನುತ್ತಾನೆ. ಮೊದಲು ಅಪ್ಪನಿಗೆ ಎಣಿಕೆ ತಪ್ಪುತ್ತಿದೆ, ಮರೆವು ಬಂದಿದೆ ಅಂದುಕೊಂಡೆ. ಆದರೆ ಮರೆವಿನವನ ತಪ್ಪು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಇಲ್ಲಿ ಮೂರು ಬೈಕೂ ಒಂದೇ ಲೆಕ್ಕಕ್ಕೆ ಬೆಳೆದಿವೆ. ನಾಲ್ಕು ಗೇಣಿದ್ದದ್ದೆಲ್ಲ ಐದಾಗಿದೆ.

ನಿನ್ನೆ ದಪ್ಪ ಕೈಗವಸು ಹಾಕಿಕೊಂಡು ತಗಡು ಅಳೆಯಲು ಹೋದೆ. ಬೆರಳು ಪೂರ್ತಿ ಹರಡಲಿಲ್ಲ. ಎರಡು ಗೇಣಿನ ತಗಡು ಎರಡೂವರೆ ಬಂತು.

ಅತ್ತೆ, ಬೈಕು ಬೆಳೆಯುವುದಿಲ್ಲ. ಅಪ್ಪನ ಗೇಣು ಗಿಡ್ಡವಾಗಿದೆ. ಒಂಬತ್ತೂವರೆ ಇಂಚಿದ್ದದ್ದು ಈಗ ಏಳೂವರೆಗೆ ಬಂದಿದೆ. ಅವನ ಎಡಗೈಗೆ ಏನಾಗಿದೆ? ಎಲ್ಲ ಹಿಡಿಯೂ ಬಲಗೈಗೇ ಇರಲಿ ಅಂತ ಯಾಕೆ ಬರೆದಿದ್ದಾನೆ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡಬೇಡ. ನನಗೆ ಭಯವಾಗುತ್ತಿದೆ.

ನಿನ್ನ,
ನಟ್ಟು

—

ಮಾರ್ಚ್ 8

ನಟ್ಟು,

ನಾಲ್ಕು ವರ್ಷದಿಂದ ಹೊಸ ವರ್ಷಕ್ಕೊಂದು ಕಾರ್ಡು ಬಿಟ್ಟರೆ ಬೇರೆ ಸುದ್ದಿಯಿಲ್ಲ, ಈಗ ಒಮ್ಮೆಲೇ ಎರಡು ಪುಟ! ಬೈಯುವುದನ್ನು ಎದುರಿಗೆ ಸಿಕ್ಕಾಗ ಬೈಯುತ್ತೇನೆ. ಈಗ ವಿಷಯಕ್ಕೆ ಬರುತ್ತೇನೆ.

ನಿನ್ನ ಅಪ್ಪನ ಎಡಗೈಯ ಕೊನೆಯ ಎರಡು ಬೆರಳು ಅಂಗೈಯೊಳಕ್ಕೆ ಮಡಚಿಕೊಂಡಿವೆ. ನೋವಿಲ್ಲವಂತೆ. ಮೊದಲು ಅಂಗೈಯಲ್ಲಿ ಒಂದು ಗಂಟು ಬಂತು. ಆಮೇಲೆ ಚರ್ಮದ ಕೆಳಗೆ ಹಗ್ಗ ಎಳೆದ ಹಾಗೆ ಬೆರಳು ಬಾಗುತ್ತಾ ಹೋಯಿತು. ಎರಡು ವರ್ಷವಾಯಿತು. ಮಡಚಬಹುದು, ಬಿಡಿಸಲಾಗುವುದಿಲ್ಲ. ಕ್ಲಚ್ಚಿನ ಹಿಡಿ ಹಿಡಿಯಬೇಕಾದರೆ ಮೊದಲು ಕೈ ಅಗಲ ಮಾಡಬೇಕಲ್ಲ, ಅದು ಆಗುವುದಿಲ್ಲ. ಹೋದ ವರ್ಷ ಅಂಗಳದಲ್ಲಿ ಕರಿಯನನ್ನು ತಿರುಗಿಸಲು ಹೋಗಿ ಕ್ಲಚ್ ಸಿಗದೆ ಬೈಕನ್ನೂ ಕೆಡವಿ ತಾನೂ ಬಿದ್ದ. ನಾನು ಓಡಿಹೋದರೆ, "ನೆಲದ ಅಳತೆ ನೋಡ್ತಾ ಇದ್ದೆ" ಅಂದ. ಆ ವರ್ಷ ಜ್ವರ ಅಂತ ಸುಳ್ಳು ಹೇಳಿ ಕೂಟಕ್ಕೆ ಹೋಗಲಿಲ್ಲ.

ಡಾಕ್ಟರರ ಹತ್ತಿರ ಒಂದು ಸಲ ಬಲವಂತವಾಗಿ ಕರೆದುಕೊಂಡು ಹೋದೆ. ಕುಯ್ದು ಬಿಡಿಸಬಹುದು, ತಡ ಮಾಡಿದಷ್ಟೂ ಗೆಣ್ಣು ಬಿಗಿದು ಆಮೇಲೆ ಏನೂ ಮಾಡಲಾಗುವುದಿಲ್ಲ ಅಂದರು. ಇವನು ತಲೆಯಾಡಿಸಿ ಬಂದ, ಮತ್ತೆ ಹೋಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಇವನಿಗೆ ಕನ್ನಡಿ ಹಿಡಿದರೂ ಕೈ ಜೇಬಿನಲ್ಲಿರುತ್ತದೆ.

ಆ ಟ್ರೇಲರ್ ಯಾಕೆ ಅಂತ ಈಗ ಹೇಳುತ್ತೇನೆ. ಕೂಟದ ಬಯಲಿಗೆ ಒಂದು ತಿರುವು ಮೊದಲೇ ನಿಲ್ಲಿಸುವುದಂತೆ. ಯಾರೂ ಬರುವ ಮುಂಚೆ ಮೂರೂ ಬೈಕನ್ನು ಇಳಿಸಿ ಸಾಲಾಗಿ ನಿಲ್ಲಿಸುವುದಂತೆ. ನಾನು ಖಾಲಿ ಡಬ್ಬ ಎಳೆದುಕೊಂಡು ಮರೆಯಾಗುವುದಂತೆ. ಜನ ಬಂದು ನೋಡಿದರೆ ಇವನು ಯಾವತ್ತಿನಂತೆ ಓಡಿಸಿಕೊಂಡು ಬಂದ ಹಾಗೆ ಇರಬೇಕು. ಅದಕ್ಕೇ ಕಿಟಕಿ ಬೇಡ ಅಂದಿರುವುದು. "ಮಗಳಿಗೆ ಹೇಳೋ" ಅಂದೆ. "ನಿನ್ನ ಕೈಗೆ ಬರಲ್ಲ ಅಂತ ಅವಳಿಗೆ ಹೇಳಿದೋನು ನಾನು. ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ?" ಅಂದ.

ನಾನು ಹೇಳಿದೆ ಅಂತ ಮಾತ್ರ ಬಾಯಿ ಬಿಡಬೇಡ. ಈ ಮನೆಯಲ್ಲಿ ನನಗೂ ಅನ್ನ ಬೇಕು, ಅಂದರೆ ಅವನಿಗೆ ಅನ್ನ ಮಾಡಿ ಹಾಕುವವಳು ನಾನೇ, ಆದರೂ.

ನಿನ್ನ ಅತ್ತೆ

—

ಮಾರ್ಚ್ 15

ಅಪ್ಪಾ,

'ಮಾನ್ಯ ಗ್ರಾಹಕರೇ' ಸಾಕು. ಆ ಅಳತೆಗೆ ನಾನು ಟ್ರೇಲರ್ ಕಟ್ಟುವುದಿಲ್ಲ.

ಕರಿಯ ಒಂಬತ್ತು ಗೇಣು. ನಿನಗೂ ಅದು ಗೊತ್ತು, ಬರೆಯುವಾಗ ನೆನಪಾಗಲಿಲ್ಲ ಅಷ್ಟೇ. ಕೈ ಏನು ಹೇಳಿತೋ ಅದನ್ನೇ ಬರೆದೆ. ಮೂವತ್ತಾರು ವರ್ಷ ಅದು ಸುಳ್ಳು ಹೇಳಿರಲಿಲ್ಲ, ಈಗಲೂ ಹೇಳಿಲ್ಲ. ನಿನ್ನ ಎಡಗೈಯ ಬೆರಳು ಬಿಡಿಸಿಕೊಳ್ಳುತ್ತಿಲ್ಲ ಎಂದು ಯಾರೂ ನನಗೆ ದೂರು ಹೇಳಬೇಕಾಗಿರಲಿಲ್ಲ. ನೀನೇ ಅದನ್ನು ಬರೆದು, ಸಹಿ ಹಾಕಿ, ಅಂಚೆಗೆ ಹಾಕಿದ್ದೀಯ.

ನಾಲ್ಕು ವರ್ಷದ ಹಿಂದೆ ಕೂಟದ ದಿನ ಆ ಗುಡ್ಡದ ಬುಡದಲ್ಲಿ, ಅಷ್ಟು ಜನರ ಮುಂದೆ, ನಾನು ಕರಿಯನ ಕೀಲಿಕೈ ಕೇಳಿದಾಗ ನೀನು ಏನಂದೆ? "ಇದು ಕೈ ಕೇಳೋ ಗಾಡಿ. ನಿನ್ನ ಕೈಗೆ ಬರಲ್ಲ." ಎಲ್ಲರೂ ನಕ್ಕರು. ನಾನು ಹೆಲ್ಮೆಟ್ ಹಾಕಿಕೊಂಡೇ ಬಸ್ಸು ಹತ್ತಿದೆ, ಅಳುವುದು ಕಾಣಬಾರದು ಅಂತ. ಎಂಜಿನ್ನೇ ಇಲ್ಲದ ಗಾಡಿ ಕಟ್ಟುವ ಕಡೆ ಕೆಲಸಕ್ಕೆ ಸೇರಿದ್ದೂ ಆ ಸಿಟ್ಟಿಗೇ. ಹಾಗಾಗಿ ನಿನ್ನ ಕೈ ಹೀಗಾಗಿದೆಯೆಂದು ಗೊತ್ತಾದಾಗ ನನಗೆ ಒಂದು ಕ್ಷಣವಾದರೂ 'ಬೇಕು ಇವನಿಗೆ' ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಟ್ಯಾಂಕಿನ ಮೇಲೆ ಮಲಗಿದವಳ ಬೆನ್ನು ಹಿಡಿದುಕೊಂಡು ನಿಂತದ್ದು ಆ ಕೈಯೇ ಅಲ್ಲವಾ?

ನನ್ನ ಕೆಲಸ ಬೈಕು ಮುಚ್ಚುವ ಡಬ್ಬ ಕಟ್ಟುವುದು. ಕೈ ಮುಚ್ಚಿಡುವ ಡಬ್ಬ ಕಟ್ಟುವುದಿಲ್ಲ. ಡಾಕ್ಟರರ ಚೀಟಿ ಬಂದ ದಿನ ಕಬ್ಬಿಣ ಕತ್ತರಿಸುತ್ತೇನೆ.

ನಿನ್ನ,
ನಟ್ಟು

—

ಮಾರ್ಚ್ 27

ಟ್ರೇಲರ್ ಕಾರ್ಖಾನೆಯವರಿಗೆ,

ಮಾನ್ಯರೇ,

ನನ್ನ ಆರ್ಡರನ್ನು ರದ್ದು ಮಾಡಿ. ಗ್ರಾಹಕನ ದೇಹದ ತಪಾಸಣೆ ಟ್ರೇಲರ್ ಕಾರ್ಖಾನೆಯ ಕೆಲಸವಲ್ಲ.

ಇತಿ,
ಮೆಕ್ಯಾನಿಕ್

—

ಏಪ್ರಿಲ್ 10

ಅಪ್ಪಾ,

ರದ್ದು ಪತ್ರ ಬಂತು. ನಿಯಮದಂತೆ ಕಡತಕ್ಕೆ ಸೇರಿಸಿದ್ದೇನೆ. ನಕ್ಷೆಯನ್ನು ಹರಿದಿಲ್ಲ.

ಮೇಸ್ತ್ರಿ ಕೇಳಿದರು, "ಏನಮ್ಮ, ಮಂಚದ ಗಿರಾಕಿ ಕೈಬಿಟ್ಟರಾ?" ಅಂತ. ಇಲ್ಲ, ಮುನಿಸಿಕೊಂಡಿದ್ದಾರೆ ಅಂದೆ. ಮೇಸ್ತ್ರಿಯ ತಂದೆಯೂ ತಮಗೆ ಕಿವಿ ಕೇಳಿಸದ್ದನ್ನು ಆರು ವರ್ಷ ಒಪ್ಪಿಕೊಳ್ಳಲಿಲ್ಲವಂತೆ, ಮಿಕ್ಕವರೆಲ್ಲ ಪಿಸುಗುಟ್ಟುತ್ತಾರೆ ಎಂದು ಜಗಳವಾಡುತ್ತಿದ್ದರಂತೆ. ಅದನ್ನು ಹೇಳಿ ನಗಬೇಕಿತ್ತು, ನಗಲಿಲ್ಲ. ಮೇ ಹತ್ತರೊಳಗೆ ಆರಂಭಿಸಿದರೆ ಕೂಟಕ್ಕೆ ಮುಗಿಸಬಹುದು, ಆಮೇಲೆ ಕಷ್ಟ ಅಂದರು. ನಿನಗೆ ತಿಳಿಸಿರುತ್ತೇನೆ.

ನಟ್ಟು

—

ಮೇ 4

ನಟ್ಟು,

ಈ ಕಾಗದದ ಜೊತೆ ಇನ್ನೊಂದು ಹಾಳೆ ಇದೆ. ಮೊದಲು ಅದನ್ನು ನೋಡು. ನನ್ನ ಎಡಗೈಯನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಕೊನೆಯ ಎರಡು ಬೆರಳ ಜಾಗದಲ್ಲಿ ಮೊಂಡಾಗಿ ಕಾಣುವುದು ಅವು ಮಡಚಿಕೊಂಡಿರುವುದರಿಂದ. ಡಾಕ್ಟರರು ನೋಡಲು ಹೀಗೆ ಮಾಡಿಸಿದರು. ಒಂದು ಅವರಿಗೆ, ಒಂದು ನಿನಗೆ. ಅದನ್ನು ನೋಡುವವರೆಗೆ ನನಗೂ ಅಷ್ಟಾಗಿದೆ ಎಂದು ಗೊತ್ತಿರಲಿಲ್ಲ. ದಿನಾ ನೋಡುವ ಕೈ, ಇಷ್ಟಿಷ್ಟೇ ಬಾಗಿತು, ನಾನೂ ಅದರ ಜೊತೆಗೇ ಬಾಗಿದೆ.

ನಿನ್ನ ಕಾಗದಕ್ಕೆ ಮೂರು ವಾರ ಸಿಟ್ಟು ಮಾಡಿಕೊಂಡಿದ್ದೆ. ಆಮೇಲೆ ಒಂದು ದಿನ ನಿನ್ನದು ತಪ್ಪೆಂದು ತೋರಿಸಲು ಟೇಪು ಹುಡುಕಿದೆ. ಗ್ಯಾರೇಜಿನಲ್ಲಿ ಒಂದೂ ಇರಲಿಲ್ಲ, ನಿನ್ನ ಅತ್ತೆಯ ಹೊಲಿಗೆ ಡಬ್ಬಿಯಿಂದ ತಂದೆ. ಕರಿಯ ಏಳು ಅಡಿ ಒಂದೂವರೆ ಇಂಚು. ಕೆಂಪಿ ಆರು ಅಡಿ ನಾಲ್ಕು. ಬೂದ ಐದು ಅಡಿ ಹನ್ನೊಂದು ಚಿಲ್ಲರೆ. ಮೂರೂ ನೀನು ಹೇಳಿದಷ್ಟೇ. ಸುಮಾರು ಹೊತ್ತು ಕರಿಯನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೆ. ನಿನ್ನ ಅತ್ತೆ ಬಂದು, "ಬಿದ್ಯಾ?" ಅಂದಳು. ಹೌದು ಅಂದೆ.

ಬರುವ ಮಂಗಳವಾರ ಕೈಗೆ ಶಸ್ತ್ರಚಿಕಿತ್ಸೆ. ಉಂಗುರ ಬೆರಳು ಹೆಚ್ಚುಕಡಿಮೆ ಪೂರ್ತಿ ಬಿಚ್ಚಿಕೊಳ್ಳುತ್ತದಂತೆ, ಕಿರುಬೆರಳು ಎಷ್ಟು ಬಂದರೆ ಅಷ್ಟು. ಎರಡು ವರ್ಷ ಮೊದಲೇ ಬಂದಿದ್ದರೆ ಎರಡೂ ಬರುತ್ತಿದ್ದವು ಅಂದರು. ಆಮೇಲೆ ಪಟ್ಟಿ, ವ್ಯಾಯಾಮ. ಈ ಜೂನಿನಲ್ಲಂತೂ ಕ್ಲಚ್ ಮುಟ್ಟುವ ಹಾಗಿಲ್ಲ.

ಆ ದಿನ ಗುಡ್ಡದ ಬುಡದಲ್ಲಿ ನಾನು ಆಡಿದ್ದು ತಪ್ಪು. ನಿನ್ನ ಕೈಗೆ ಬರುವುದಿಲ್ಲ ಎಂದಲ್ಲ, ಬಂದುಬಿಟ್ಟರೆ ನಾನೇನು ಮಾಡಲಿ ಎಂಬ ಹೆದರಿಕೆಗೆ ಅಂದೆ. ಅಷ್ಟು ಜನರ ಮುಂದೆ ಅಂದದ್ದನ್ನು ಅಷ್ಟೇ ಜನರ ಮುಂದೆ ವಾಪಸು ತೆಗೆದುಕೊಳ್ಳುತ್ತೇನೆ. ಚಪ್ಪಲಿ ತಲೆಯ ಮೇಲಿಟ್ಟುಕೊಂಡೇ ಬರುತ್ತೇನೆ, ನಗುವವರು ನಗಲಿ.

ಈಗ ಆರ್ಡರಿನ ವಿಷಯ. ಟ್ರೇಲರ್ ಮುಚ್ಚಿದ್ದೇ ಇರಲಿ, ಧೂಳು ನಿಜವಾಗಿಯೂ ಬೀಳುತ್ತದೆ. ಆದರೆ ಎರಡೂ ಪಕ್ಕಕ್ಕೆ ಒಂದೊಂದು ಕಿಟಕಿ ಇಡು, ನೋಡುವವರು ನೋಡಲಿ. ಒಂದೇ ಅಚ್ಚು ಸಾಕು, ಹತ್ತು ಅಡಿ ಸಾಕು, ಬೇಕರಿಯ ಗೋಡೆಯೂ ಉಳಿಯುತ್ತದೆ. ಚಿಲಕ ಎಲ್ಲರ ಮನೆಯ ಹಾಗೆ ಯಾವ ಕಡೆ ಬೇಕಾದರೂ ಇರಲಿ. ಮೂರು ಬೈಕಿಗೆ ಜಾಗ ಬೇಡ, ಎರಡಕ್ಕೆ ಮಾಡು. ಕೆಂಪಿ ಮತ್ತು ಬೂದ ಒಳಗೆ ಬರುತ್ತಾರೆ. ಕರಿಯ ರಸ್ತೆಯ ಮೇಲೆ ಬರುತ್ತಾನೆ. ಕೂಟದ ಹಿಂದಿನ ದಿನ ಬಂದು ಅವನನ್ನು ತೆಗೆದುಕೊಂಡು ಹೊರಡು. ಕೀಲಿಕೈ ಮೊದಲಿನ ಮೊಳೆಯಲ್ಲೇ ಇದೆ.

ಅವನ ಕ್ಲಚ್ ಬಿಗಿ, ನಾಲ್ಕೂ ಬೆರಳು ಹಾಕು. ಎರಡನೇ ಗೇರಿಗೆ ಹಾಕುವಾಗ ಅವಸರ ಮಾಡಿದರೆ ಕೊಡುವುದಿಲ್ಲ, ಬೈಯಬೇಡ, ಒಂದು ಉಸಿರು ಕಾದುನೋಡು, ತಾನೇ ಕೂರುತ್ತದೆ. ಗುಡ್ಡದ ಇಳಿಜಾರಿನಲ್ಲಿ ಆಗಾಗ ಕನ್ನಡಿ ನೋಡಿಕೋ. ಹಿಂದೆ ಬರುವ ಪಿಕಪ್ಪಿನಲ್ಲಿ ನಾನಿರುತ್ತೇನೆ.

ನಿನ್ನ ಅಪ್ಪ